ಸಾವಿರಕ್ಕೆ ಇಷ್ಟು

ತಿಂಗಳ ಎರಡನೇ ಮಂಗಳವಾರ, ಸಂಜೆ ಏಳೂವರೆ.
ಸಭಾಭವನದ ಹೀಟರು ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿದೆ.
ಹನ್ನೆರಡು ಕುರ್ಚಿ, ಒಂಬತ್ತು ಜನ,
ತನ್ನದೆಂದು ಯಾರೂ ಒಪ್ಪದ ಒಂದು ನಾಯಿ.
ಆಸ್ಕರ್ಬಿಯ ಪ್ಯಾರಿಷ್ ಗುಮಾಸ್ತೆ ನಾನು,
ಕನ್ನಡಕ ಮೂಗಿಗೇರಿಸಿ ಓದುತ್ತೇನೆ
ಪೊಲೀಸರು ಕಳಿಸಿದ ಅಂಕಿಅಂಶ:

ಮನೆಗಳ್ಳತನ, ಸೊನ್ನೆ.
ದರೋಡೆ, ಸೊನ್ನೆ.
ವಾಹನ ಕಳವು, ಸೊನ್ನೆ;
ಬೇಸಿಲ್‌ನ ಟ್ರ್ಯಾಕ್ಟರು ಕದ್ದದ್ದಲ್ಲ, ಮರೆತದ್ದು,
ಮೂರು ದಿನ ಪಬ್ಬಿನ ಹಿಂದೆಯೇ ನಿಂತಿತ್ತು.
ಇತರೆ, ಒಂದು.

ಸೊನ್ನೆಗೊಮ್ಮೆ ತಲೆಗಳು ತೂಗುತ್ತವೆ,
ಒಂದಕ್ಕೆ ಯಾರೋ ಕುರ್ಚಿ ಸರಿಸುತ್ತಾರೆ.

ಇನ್ನೂರ ಹದಿನಾಲ್ಕು ಜನರ ಊರು ಇದು.
ಹೋದ ಚಳಿಗಾಲ ಒಂದೇ ತಿಂಗಳಲ್ಲಿ
ಚರ್ಚಿನ ಮಾಡಿನ ಸೀಸದ ತಗಡು,
ಪಾದ್ರಿಯಮ್ಮನ ಸೈಕಲ್ಲು, ಮುಚ್ಚಿದ ಶಾಲೆಯ ಗಂಟೆ ಹೋದವು.
ಮೂರೇ ಮೂರು. ಆದರೆ ಲೆಕ್ಕ ಕಟ್ಟುವವರು
ಸಾವಿರಕ್ಕೆ ಕಟ್ಟುತ್ತಾರೆ: ಹದಿನಾಲ್ಕು!
ರೈಲು ನಿಲ್ಲುವ ಪಟ್ಟಣಕ್ಕಿಂತ ಎರಡು ಮೇಲು.
ಗಿರಣಿ ಮನೆ ಕೊಳ್ಳಲು ಬಂದ ದಂಪತಿ
ಫೋನಿನಲ್ಲಿ ಅದನ್ನೋದಿ ಕಾರು ತಿರುಗಿಸಿದರು.
ಸಾವಿರ ಜನ ಎಲ್ಲಿಂದ ತರಲಿ?
ಚರ್ಚಿನಂಗಳದಲ್ಲಿ ಮಲಗಿದವರನ್ನೂ ಎಬ್ಬಿಸಿ
ಸಾಲಾಗಿ ನಿಲ್ಲಿಸಿದರೆ ಆದೀತೇನೋ.
ಅವರ ಮನೆಗಂತೂ ಕಳ್ಳರು ಹೋಗುವುದಿಲ್ಲ.

ಲೆಕ್ಕಕ್ಕೆ ಬಾರದ್ದೂ ಉಂಟು.
ಎನಿಡ್ ಹಾಕ್ಸ್‌ಬಿ ಗೇಟಿನ ಬಳಿ ಮೊಟ್ಟೆ ಇಡುತ್ತಾಳೆ,
ಪಕ್ಕದಲ್ಲೊಂದು ಬಿಸ್ಕತ್ತಿನ ಡಬ್ಬ, ನಂಬಿಕೆಯ ಗಲ್ಲಾ.
ಗುರುವಾರ ಗುರುವಾರ ಆರು ಮೊಟ್ಟೆ ಹೋಗುತ್ತವೆ,
ಕಾಸು ಬರುವುದಿಲ್ಲ.
ಕೆಸರಲ್ಲಿ ಚಿಕ್ಕ ಬೂಟಿನ ಗುರುತು, ಎಡಗಾಲಿನದು ಸವೆದದ್ದು.
"ಹೊಟ್ಟೆಗೆ ಹಾಕಿಕೊಂಡೆ ಬಿಡು" ಎಂದಳು.
ಹೊಟ್ಟೆಗೆ ಹಾಕಿಕೊಂಡವರು ಯಾರೆಂದು ನಾ ಕೇಳಲಿಲ್ಲ.
ಬುಧವಾರ ರಾತ್ರಿ ಆರಿಸಿ ಆರಿಸಿ
ದಪ್ಪ ಮೊಟ್ಟೆಗಳನ್ನೇ ಮುಂದಿಡುತ್ತಾಳೆ.

ಇತರೆ, ಒಂದು.
ನಕ್ಷೆಯಲ್ಲಿ ಚುಕ್ಕೆ ಬಿದ್ದಿದೆ:
"ದೊಡ್ಡಿ ಓಣಿ, ಅಥವಾ ಅದರ ಆಸುಪಾಸು."
ಓಣಿಯಲ್ಲಿರುವುದೇ ಮೂರು ಮನೆ.
ಒಂದು ಲಂಡನ್ನಿನವರದು, ಆಗಸ್ಟಿನಲ್ಲಷ್ಟೇ ಉಸಿರಾಡುತ್ತದೆ.
ಒಂದು ನನ್ನದು.
ಮೂರನೆಯದರ ಯಜಮಾನ ಎರಡನೇ ಸಾಲಲ್ಲಿ ಕೂತಿದ್ದಾನೆ,
ಗ್ಯಾರೆತ್ ಕ್ರೌಚ್;
ನನ್ನ ಸೂರಿನ ದೋಣಿ ಸರಿಮಾಡಿಕೊಟ್ಟವನು,
ಭಾನುವಾರ ಚರ್ಚಿನ ಗಂಟೆ ಎಳೆಯುವವನು,
ನೆರೆಹೊರೆ ಕಾವಲಿನ ಹಳದಿ ಚೀಟಿಯನ್ನು
ನನ್ನ ಕಿಟಕಿಗೆ ತಾನೇ ಅಂಟಿಸಿದವನು.
ಬ್ರೈಯನಿ ಬಂದಿಲ್ಲ.
ಜೂನಿನಲ್ಲೂ ಅವಳ ಕತ್ತಿಗೆ ಉಣ್ಣೆಯ ಸ್ಕಾರ್ಫು.

ನಡುಗೋಡೆ ತೆಳು.
ಆ ರಾತ್ರಿ ಆ ಕಡೆ ಏನೋ ಬಿತ್ತು, ಆಮೇಲೆ ಯಾರೋ.
ನಾನು ರೇಡಿಯೋ ದೊಡ್ಡದು ಮಾಡಿದೆ;
ಕಡಲಿನ ಹವಾಮಾನ ಬರುತ್ತಿತ್ತು,
ಎಲ್ಲೆಲ್ಲಿ ಬಿರುಗಾಳಿ, ಯಾವ ದೋಣಿ ದಡ ಸೇರಬೇಕು.
ಇಪ್ಪತ್ತೆರಡು ಮೈಲಿಯಿಂದ ನೀಲಿ ದೀಪ ಬರುವಷ್ಟರಲ್ಲಿ
ಅವರ ಮನೆಯ ದೀಪ ಆರಿತ್ತು.
ಬೆಕ್ಕು ಹೂಜಿ ಬೀಳಿಸಿತು, ಅವಳೇ ಹೇಳಿದ್ದು ಕೇಳಿಸಿತು.
ಅವರ ಮನೆಯಲ್ಲಿ ಬೆಕ್ಕಿಲ್ಲ.
ಫೋನು ಮಾಡಿದವರು ಯಾರೋ.
ನಾನಲ್ಲ.
ಅದನ್ನು ತುಂಬಲು ಈ ಹಾಳೆಯಲ್ಲಿ ಕಾಲಂ ಇಲ್ಲ.

ಪ್ರಶ್ನೆ ಇದೆಯೇ? ಇಲ್ಲ.
"ನೆಮ್ಮದಿಯ ಊರು" ಎಂದ ಬೇಸಿಲ್.
ಮುಂದಿನ ವಿಷಯ: ನಾಯಿಹೇಲಿನ ತೊಟ್ಟಿ.

ಮನೆಗೆ ಬಂದೆ.
ಸೀಸ ಹೋದಮೇಲೆ ಹಾಕಿಸಿದ ಹಿತ್ತಾಳೆ ಚಿಲಕಗಳು,
ಗ್ಯಾರೆತ್ ಹಾಕಿಕೊಟ್ಟದ್ದೇ.
ಮುಂಬಾಗಿಲಿನದನ್ನು ಜಡಿದೆ.
ಹಿಂಬಾಗಿಲಿನದಕ್ಕೆ ಕೈ ಹೋಯಿತು, ನಿಂತಿತು.
ದೀಪ ಉರಿಯಲು ಬಿಟ್ಟೆ.
ಆಮೇಲೆ ಕತ್ತರಿ ಹಿಡಿದು ಹಿತ್ತಿಲಿಗಿಳಿದು,
ಎಪ್ಪತ್ತೊಂದರ ಮೊಣಕಾಲೂರಿ,
ನಮ್ಮೆರಡು ಮನೆಯ ನಡುವಿನ ಮುಳ್ಳುಗಿಡದ ಬೇಲಿಯನ್ನು
ತುಸು ತುಸುವೇ ಕತ್ತರಿಸಿದೆ.
ಕೇಳಿದರೆ ನರಿಯ ಕೆಲಸ ಎನ್ನುತ್ತೇನೆ.
ಒಬ್ಬಳು ಓರೆಯಾಗಿ ತೂರುವಷ್ಟು ಸಂದು,
ಕೈಯಲ್ಲೇನೂ ಹಿಡಿಯದೆ ಬಂದರೆ.